ಪುಲ್ಲಿಯ ಮೇಲಿನ ಬಿಳಿ ಗೆರೆ

ನಮ್ಮ ಗ್ಯಾರೇಜಿನ ಮೇಸ್ತ್ರಿ ಕಿವಿ ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದದ್ದು ನನ್ನಿಂದ. ನಾನು ಅವರ ಪಕ್ಕದಲ್ಲಿ ನಿಂತು ತಗಡು ಬಡಿಯಲಿಲ್ಲ, ಕೂಗಾಡಲೂ ಇಲ್ಲ. ಎಂಟು ಭಾನುವಾರ, ಬೆಳಿಗ್ಗೆ ಸ್ನಾನಕ್ಕೆ ಮೊದಲು, ಒಂದು ಬೋಲ್ಟನ್ನು ಸಡಿಲಿಸಿ ಮತ್ತೆ ಬಿಗಿ ಮಾಡಿದೆ, ಅಷ್ಟೇ. ಮಾಡಿದ್ದೆಲ್ಲ ಒಳ್ಳೆಯ ಮನಸ್ಸಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಪರವಾಗಿ ಹೇಳಿಕೊಳ್ಳಲು ಬೇರೆ ಏನೂ ಸಿಗುವುದಿಲ್ಲ.

ಮೇಸ್ತ್ರಿ ಎಂಜಿನ್ನಿನ ಟೈಮಿಂಗನ್ನು ಕಿವಿಯಿಂದಲೇ ಕೂಡಿಸುವವರು. ಪೆಟ್ರೋಲು ಹೊತ್ತಿಸುವ ಕಿಡಿ ಯಾವ ಗಳಿಗೆಗೆ ಹಾರಬೇಕು ಎಂಬುದನ್ನು ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಸರಿಮಾಡಬೇಕು. ಮೂವತ್ತೆಂಟು ವರ್ಷದಿಂದ ಅವರ ಪದ್ಧತಿ ಒಂದೇ. ಬಾನೆಟ್ ಎತ್ತುತ್ತಾರೆ, ಎಡಗೈ ಮೇಲೆತ್ತಿ ಇಡೀ ಗ್ಯಾರೇಜನ್ನು ಸುಮ್ಮನಿರಿಸುತ್ತಾರೆ, ತಲೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ಬಲಗೈಯಲ್ಲಿ ತಿರುಗಿಸುತ್ತಾರೆ. ಆಮೇಲೆ "ಹಾಂ, ಇಲ್ಲಿ ಕೂತ್ಕೊಂಡ" ಎನ್ನುತ್ತಾರೆ. ಯಾರು ಕೂತುಕೊಂಡದ್ದು ಎಂದು ನಾನು ಒಮ್ಮೆ ಕೇಳಿದ್ದಕ್ಕೆ "ನಿನ್ನ ಮಾವ" ಎಂದಿದ್ದರು.

ನಾನು ಮೆಕ್ಯಾನಿಕ್ ಅಲ್ಲ. ಅದೇ ಗ್ಯಾರೇಜಿನ ಸ್ಪೇರ್ ಪಾರ್ಟ್ಸ್ ಕೌಂಟರಿನ ಹಿಂದೆ ನಿಲ್ಲುವವನು. ಹಗಲೆಲ್ಲ ಬೆಲ್ಟು, ಬೋಲ್ಟು, ಗ್ಯಾಸ್ಕೆಟ್ಟು ತೆಗೆದುಕೊಡುತ್ತ, ಮೂರು ವರ್ಷ ಸಂಜೆ ತರಗತಿಗೆ ಹೋಗಿ ಆಟೊಮೊಬೈಲ್ ಡಿಪ್ಲೊಮಾ ಮಾಡಿಕೊಂಡೆ. ಎರಡನೇ ದರ್ಜೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ನಟ್ಟನ್ನು ಮೂರು ಸಲ ಬಿಗಿ ಮಾಡಿದ್ದೆ. ಸರಿಯಾಗಿದೆಯೋ ಇಲ್ಲವೋ ಎಂದು ನಾಲ್ಕನೇ ಸಲ ಬಿಚ್ಚಿ ನೋಡುತ್ತಿದ್ದಾಗ ಗಂಟೆ ಹೊಡೆಯಿತು. ಮೇಸ್ತ್ರಿ ನನ್ನನ್ನು 'ಕಾಲೇಜು' ಎಂದೇ ಕರೆಯುತ್ತಾರೆ. "ಏ ಕಾಲೇಜು, ಎರಡು ಆಯಿಲ್ ಸೀಲ್ ಕೊಡಪ್ಪ, ಪಾಠ ಬೇಡ."

ಪಾಠ ಬೇಡ ಎನ್ನುವುದಕ್ಕೂ ಕಾರಣವಿದೆ. ಸಂಜೆ ತರಗತಿಯಲ್ಲಿ ನನಗೆ ಪೂರ್ತಿಯಾಗಿ ಅರ್ಥವಾದದ್ದು ಒಂದೇ ಅಧ್ಯಾಯ, ಪಿಸ್ಟನ್ನುಗಳು ತಿರುಗಿಸುವ ಉಕ್ಕಿನ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟಿನ ಡ್ಯಾಂಪರ್. ಇರುವ ಒಂದೇ ಒಡವೆಯನ್ನು ದಿನವೂ ಹಾಕಿಕೊಳ್ಳುವವರಂತೆ ನಾನು ಅದನ್ನು ಸಿಕ್ಕಸಿಕ್ಕವರಿಗೆ ತೋರಿಸುತ್ತಿದ್ದೆ. ಗಿರಾಕಿ ಬಂದು "ಎಂಜಿನ್ನಿನ ಮುಂದಿನ ಪುಲ್ಲಿ ಕೊಡಿ" ಎಂದರೆ ಸಾಕು.

"ಅದು ಬರೀ ಪುಲ್ಲಿ ಅಲ್ಲ ಸಾರ್. ಒಂದೊಂದು ಸಿಲಿಂಡರು ಹೊತ್ತಿಕೊಂಡಾಗಲೂ ಕ್ರ್ಯಾಂಕಿಗೆ ಒಂದು ಏಟು ಬೀಳುತ್ತೆ. ಅಷ್ಟು ದಪ್ಪ ಉಕ್ಕು, ಆದ್ರೂ ಒಂಚೂರು ತಿರುಚ್ಕೊಂಡು ಮತ್ತೆ ಬಿಚ್ಕೊಳ್ಳುತ್ತೆ. ಉಯ್ಯಾಲೆ ತಳ್ಳಿದ ಹಾಗೆ. ಸರಿಯಾದ ಹೊತ್ತಿಗೆ ತಳ್ತಾ ಹೋದ್ರೆ ಏರ್ತಾ ಹೋಗುತ್ತಲ್ಲ, ಹಾಗೆ ಯಾವುದೋ ಒಂದು ವೇಗದಲ್ಲಿ ಈ ತಿರುಚಾಟ ಏರಿ ಏರಿ ಕ್ರ್ಯಾಂಕೇ ಮುರಿದುಹೋಗಬಹುದು. ಅದಕ್ಕೇ ಇದು. ನಡುವೆ ಒಂದು ಹಬ್, ಸುತ್ತ ಭಾರದ ಒಂದು ಉಂಗುರ, ಎರಡರ ನಡುವೆ ರಬ್ಬರ್ ಪಟ್ಟಿ. ಶಾಫ್ಟು ಅದುರಿದ್ರೆ ಉಂಗುರ ಸೋಮಾರಿ ಥರ ಹಿಂದೆ ಉಳಿಯುತ್ತೆ, ರಬ್ಬರ್ ಮಧ್ಯೆ ಸಿಕ್ಕಿ ಎಲ್ಲಾ ಅದುರಾಟನೂ ನುಂಗಿಕೊಳ್ಳುತ್ತೆ."

"ಸರಿಯಪ್ಪ. ಈಗ ಆ ಪುಲ್ಲಿ ಕೊಡ್ತೀಯಾ?"

ನಮ್ಮ ಮನೆಯಲ್ಲಿ ಆ ರಬ್ಬರಿನ ಕೆಲಸ ಭಾವನದು. ನಾನು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿರುವವನು. ಅಕ್ಕ ಒಂದು ಕಡೆ ಎಳೆದರೆ ನಾನು ಇನ್ನೊಂದು ಕಡೆ ಎಳೆಯುತ್ತೇನೆ, ನಡುವೆ ಭಾವ "ಆಯ್ತು ಬಿಡ್ರೋ" ಎಂದು ನುಂಗಿಕೊಂಡು ಚಾಪೆ ಹಾಸಿಕೊಳ್ಳುತ್ತಾರೆ.

ಅಕ್ಕ ಡ್ರೈವಿಂಗ್ ಹೇಳಿಕೊಡುತ್ತಾಳೆ. ಇರುವುದು ಒಂದೇ ಕಾರು, ಬಹಳ ಹಳೆಯದು, ಡಿಸ್ಟ್ರಿಬ್ಯೂಟರ್ ಕಾಲದ್ದು. ನೀರಿನ ಟ್ಯಾಂಕಿನ ಹಿಂದಿನ ಏರು ರಸ್ತೆಯಲ್ಲಿ ಕಲಿಯುವವರನ್ನು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಗಾಡಿ ಎತ್ತುವುದನ್ನು ಕಲಿಸುತ್ತಾಳೆ. ಕಾರು ತೊಂದರೆ ಕೊಟ್ಟರೆ ಶನಿವಾರ ಮೇಸ್ತ್ರಿಯ ಹತ್ತಿರ ತರುತ್ತಾಳೆ. ಭಾನುವಾರ ಅದನ್ನು ಒರೆಸಿ ಚೊಕ್ಕ ಮಾಡುವುದು ನನ್ನ ಪಾಲಿನ ಕೆಲಸ. ಮುಂದಿನ ಆಯಿಲ್ ಸೀಲಿನಿಂದ ಎಣ್ಣೆ ಒಸರುತ್ತಿತ್ತು. ಡ್ಯಾಂಪರಿನ ಮೂತಿಯೆಲ್ಲ ಜಿಡ್ಡು. ನಾನು ಬಟ್ಟೆಯನ್ನು ಡೀಸೆಲಿನಲ್ಲಿ ಅದ್ದಿ ಸಂದುಸಂದೂ ಬಿಡದೆ ತಿಕ್ಕುತ್ತಿದ್ದೆ. ರಬ್ಬರಿಗೆ ಎಣ್ಣೆ ಒಂದು ವಿಷ, ಡೀಸೆಲ್ ಅದರ ಅಪ್ಪ. ಇದು ಅದೇ ಅಧ್ಯಾಯದ ಕೊನೆಯ ಪುಟದಲ್ಲಿತ್ತು. ನಾನು ಕೆಂಪು ಶಾಯಿಯಲ್ಲಿ ಅಡಿಗೆರೆಯನ್ನೂ ಎಳೆದಿದ್ದೆ.

ಆ ಡ್ಯಾಂಪರಿನ ಹೊರ ಉಂಗುರದ ಮೇಲೆ ಒಂದು ಬಿಳಿ ಗೆರೆ ಇರುತ್ತದೆ. ಮೊದಲನೇ ಪಿಸ್ಟನ್ ತುತ್ತತುದಿಗೆ ಬಂದಾಗ ಗೆರೆ ಎಂಜಿನ್ನಿನ ಮೇಲಿನ ಮುಳ್ಳಿನ ಎದುರಿಗೆ ಬರುತ್ತದೆ. ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟನ್ನು ಹಿಡಿದರೆ, ಓಡುತ್ತಿರುವ ಗೆರೆ ನಿಂತಂತೆ ಕಾಣುತ್ತದೆ. ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರುತ್ತಿದೆ ಎಂದು ಓದಿಕೊಳ್ಳಬಹುದು. ಡಿಪ್ಲೊಮಾ ಆದ ಖುಷಿಗೆ ನಾನು ಅಂಥದೊಂದು ಲೈಟು ಕೊಂಡಿದ್ದೆ.

ಮೊದಲನೇ ಶನಿವಾರ ಮೇಸ್ತ್ರಿ ಅಕ್ಕನ ಕಾರಿಗೆ ಕಿವಿಯಿಟ್ಟು ಟೈಮಿಂಗ್ ಕೂಡಿಸಿದರು. ಮಾರನೇ ದಿನ ಒರೆಸಿದ ಮೇಲೆ ಸುಮ್ಮನೆ, ಕಲಿತದ್ದು ಮರೆಯದಿರಲಿ ಎಂದು, ಲೈಟು ಹಿಡಿದೆ. ಕಾರಿನ ಪುಸ್ತಕ ಎಂಟು ಡಿಗ್ರಿ ಎನ್ನುತ್ತದೆ. ಗೆರೆ ಹದಿನೆಂಟು ಎಂದಿತು.

ಕಿಡಿ ಅಷ್ಟು ಮುಂಚೆ ಹಾರಿದರೆ ಗಾಡಿ ಚುರುಕಾಗಿ ಓಡಿದಂತೆ ಅನ್ನಿಸುತ್ತದೆ, ಒಳಗೆ ಪಿಸ್ಟನ್ ಒಡೆಯುತ್ತಿರುತ್ತದೆ ಎಂದು ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದರು. ಮೇಸ್ತ್ರಿಗೆ ಹೇಳಲೇ? ಅರವತ್ತೇಳು ವರ್ಷದ ಮನುಷ್ಯ, ನಾನು ಬಾಟಲಿಯಲ್ಲಿ ಹಾಲು ಕುಡಿಯುತ್ತಿದ್ದಾಗ ಅವರು ಎಂಜಿನ್ ಬಿಚ್ಚುತ್ತಿದ್ದವರು. ಅವರ ಮರ್ಯಾದೆ ಯಾಕೆ ಕಳೆಯಬೇಕು? ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ ಗೆರೆಯನ್ನು ಎಂಟಕ್ಕೆ ತಂದು ನಿಲ್ಲಿಸಿ ಬಿಗಿ ಮಾಡಿದೆ. ಬೋಲ್ಟಿನ ಮೇಲಿನ ನನ್ನ ಬೆರಳಿನ ಗುರುತನ್ನೂ ಒರೆಸಿದೆ. ಕಳ್ಳತನದಲ್ಲೂ ನಾನು ಅಚ್ಚುಕಟ್ಟು.

ಹೀಗೆ ಶುರುವಾಯಿತು. ಸೋಮವಾರದಿಂದ ಗಾಡಿ ಬಿಸಿಯಾಗುತ್ತಿತ್ತು, ಏರು ಹತ್ತುತ್ತಿರಲಿಲ್ಲ. ಅಕ್ಕ ಶನಿವಾರ ಮೇಸ್ತ್ರಿಯ ಹತ್ತಿರ ಹೋಗುತ್ತಿದ್ದಳು. ಅವರು ಕಿವಿಯಿಟ್ಟು ತಿರುಗಿಸುತ್ತಿದ್ದರು, ಗಾಡಿ ಹಾರುತ್ತಿತ್ತು. ಭಾನುವಾರ ನಾನು ಪಿಸ್ಟನ್ನಿನ ಪ್ರಾಣ ಉಳಿಸುತ್ತಿದ್ದೆ. ಮೇಸ್ತ್ರಿಯ ತಪ್ಪು ವಾರ ವಾರಕ್ಕೆ ಹೆಚ್ಚುತ್ತಿತ್ತು: ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಪಾಪ, ಕಿವಿ ಹೋಗುತ್ತಿದೆ ಎಂದುಕೊಂಡೆ.

"ಲೋ, ಇದು ವಾರಕ್ಕೆ ಒಂದೇ ದಿನ ಗಾಡಿ" ಎನ್ನುತ್ತಿದ್ದಳು ಅಕ್ಕ. "ಶನಿವಾರ ಕುದುರೆ. ಸೋಮವಾರ ಕತ್ತೆ."

"ಕಲಿಯೋರು ಕ್ಲಚ್ ಮೇಲೆ ನಿಂತ್ಕೋತಾರೆ ಅಕ್ಕ."

"ಶನಿವಾರವೂ ಅವರೇ ನಿಂತ್ಕೊಳ್ಳೋದು. ನಿಮ್ಮ ಭಾವನ್ನ ನಿಲ್ಲಿಸ್ತೀನಾ?"

ಮೇಸ್ತ್ರಿ ಮೊದಮೊದಲು ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ಬೈದರು. ಹೊಸ ಬೋಲ್ಟು ಹಾಕಿದರು. ಅದನ್ನು ಕೌಂಟರಿನಿಂದ ತೆಗೆದುಕೊಟ್ಟವನೂ ನಾನೇ. ಐದನೇ ಶನಿವಾರದ ಹೊತ್ತಿಗೆ ಯಾರನ್ನೂ ಬೈಯದೆ ಸುಮ್ಮನೆ ಎಂಜಿನ್ನಿನ ಮುಂದೆ ನಿಲ್ಲತೊಡಗಿದರು. ಒಂದು ಸಲ ತಿರುಗಿಸಿ, ಮತ್ತೆ ತಿರುಗಿಸಿ, ಕೈ ಒರೆಸಿಕೊಂಡು, "ಏ ಕಾಲೇಜು, ನಿನಗೆ ಇದು ಸರಿಯಾಗಿ ಕೇಳ್ತಿದೆಯಾ?" ಎಂದು ನನ್ನನ್ನು ಕೇಳಿದರು. ಮೂವತ್ತೆಂಟು ವರ್ಷದಲ್ಲಿ ಅವರು ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಕ್ಕಿಲ್ಲ. ನಾನು ಬಹಳ ಸೂಕ್ಷ್ಮವಾಗಿ, ಅವರ ಮನಸ್ಸು ನೋಯದಂತೆ, "ನನಗೆ ಅಷ್ಟು ಗೊತ್ತಾಗಲ್ಲ ಮೇಸ್ತ್ರಿ" ಎಂದೆ.

ಮುಂದಿನ ವಾರ ಅವರು ಕಿವಿ ತೋರಿಸಿಕೊಂಡು ಬಂದರು. ಡಾಕ್ಟರು ಕಿವಿಗೆ ಏನೇನೋ ಹಾಕಿ ಕೂಗಿಸಿ, ವಯಸ್ಸಿಗೆ ತಕ್ಕಷ್ಟು ಕಡಿಮೆಯಾಗಿದೆ, ಬೇಕಾದರೆ ಮೆಷಿನ್ ಹಾಕಿಕೊಳ್ಳಿ ಎಂದರಂತೆ. ಎಂಟನೇ ವಾರದ ಬುಧವಾರ ಮೇಸ್ತ್ರಿ ಓನರಿಗೆ ಹೇಳಿದರು: "ಈ ಶನಿವಾರಕ್ಕೆ ಸಾಕು. ಟೈಮಿಂಗ್ ಕೇಳಿಸದ ಮೇಸ್ತ್ರಿನ ಇಟ್ಕೊಂಡು ಏನ್ಮಾಡ್ತೀರಿ? ನಾನೇ ಹೋಗ್ತೀನಿ, ಕಳಿಸೋ ಹಾಗೆ ಮಾಡ್ಕೊಳ್ಳಲ್ಲ." ನಾನು ಕೌಂಟರಿನ ಹಿಂದೆ ಬೆಲ್ಟುಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ.

ಗುರುವಾರ ಊಟದ ಹೊತ್ತಿಗೆ ಅಕ್ಕ ತನ್ನ ಪಾಠದ ಡೈರಿ ತಂದು ತಟ್ಟೆಯ ಪಕ್ಕದಲ್ಲಿಟ್ಟಳು.

"ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಏನಿದೆಯೋ?"

"ಭಾನುವಾರ."

"ಭಾನುವಾರ ಗಾಡಿ ಹತ್ತಿರ ಯಾರಿರ್ತಾರೆ?"

ನಾನು ಭಾವನ ಕಡೆ ನೋಡಿದೆ.

"ನನ್ನನ್ನ ನೋಡ್ಬೇಡಪ್ಪ" ಎಂದರು ಭಾವ, "ನಾನು ಮಲಗಿರ್ತೀನಿ. ಅದಕ್ಕೆ ಸಾಕ್ಷಿ ಇದೆ."

"ನೀನು ಮುಟ್ಟಿದ ಮಾರನೇ ದಿನವೇ ಗಾಡಿ ಸಾಯುತ್ತೆ" ಎಂದಳು ಅಕ್ಕ. "ಎಂಟು ವಾರ ಬರೆದಿದ್ದೀನಿ. ನೋಡ್ಕೋ."

ನನಗೆ ಮೈಯೆಲ್ಲ ಉರಿಯಿತು. ನನ್ನ ನೋಟ್‌ಬುಕ್ಕಿನಲ್ಲೂ ಎಂಟು ವಾರದ ಲೆಕ್ಕವಿತ್ತು. ನಾನು ಸರಿ ಎಂದು ಅವಳಿಗೆ ತೋರಿಸಲೇಬೇಕು. ಗೆರೆ ಸರಿಯಿದೆಯೇ ಎಂದು ಪರೀಕ್ಷಿಸುವ ವಿಧಾನ ನನ್ನ ಟಿಪ್ಪಣಿಯಲ್ಲೇ ಇತ್ತು. ಅದನ್ನು ನಾನು ಒಮ್ಮೆಯೂ ಮಾಡಿರಲಿಲ್ಲ. ಗೆರೆ ಎಂದರೆ ಕಾರ್ಖಾನೆಯವರು ಹಾಕಿದ್ದು, ಅದನ್ನು ಅನುಮಾನಿಸುವುದು ನನ್ನಂಥವನ ಕೆಲಸವೇ? ನನ್ನನ್ನು ನಾನು ದಿನಕ್ಕೆ ಹತ್ತು ಸಲ ಅನುಮಾನಿಸುತ್ತೇನೆ, ಮೇಸ್ತ್ರಿಯನ್ನು ಎಂಟು ವಾರ ಅನುಮಾನಿಸಿದೆ. ಗೆರೆಯನ್ನು ಮಾತ್ರ ಬಿಟ್ಟಿದ್ದೆ.

ಶುಕ್ರವಾರ ಬೆಳಕು ಹರಿದ ಕೂಡಲೇ ಕಾರಿನ ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿದೆ. ಹಳೆಯ ಪ್ಲಗ್ಗೊಂದರ ಹೊಟ್ಟೆ ಕೊರೆದು, ಅದರೊಳಗೆ ಉದ್ದನೆಯ ಬೋಲ್ಟು ಕೂರಿಸಿ, ಮೊದಲನೇ ಸಿಲಿಂಡರಿಗೆ ತಿರುಪಿದೆ. ಪಿಸ್ಟನ್ ಮೇಲೆ ಬಂದರೆ ಆ ಬೋಲ್ಟಿಗೆ ತಾಗಿ ನಿಲ್ಲಬೇಕು. ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಮೆಲ್ಲಗೆ ಒಂದು ಕಡೆ ತಿರುಗಿಸಿದೆ, ತಾಗಿತು. ಮುಳ್ಳಿನ ಎದುರಿಗೆ ಉಂಗುರದ ಮೇಲೆ ಸೀಮೆಸುಣ್ಣದ ಗುರುತು. ಇನ್ನೊಂದು ಕಡೆ ತಿರುಗಿಸಿದೆ, ತಾಗಿತು. ಮತ್ತೊಂದು ಗುರುತು. ಎರಡರ ನಟ್ಟನಡುವೆ ನಿಜವಾದ ತುತ್ತತುದಿ. ಬಿಳಿ ಗೆರೆ ಅಲ್ಲಿರಬೇಕು.

ಅಲ್ಲಿರಲಿಲ್ಲ. ನನ್ನ ಹೆಬ್ಬೆರಳಿನ ಅಗಲದಷ್ಟು ಪಕ್ಕಕ್ಕಿತ್ತು. ಹದಿನೆಂಟು ಡಿಗ್ರಿ.

ಮತ್ತೆ ಅಳೆದೆ. ಮೂರನೇ ಸಲವೂ ಅಳೆದೆ. ಜೀವಮಾನದಲ್ಲಿ ಮೊದಲ ಬಾರಿಗೆ, ನಾನು ಅಳತೆಯಲ್ಲಿ ತಪ್ಪಿರಲಿ ದೇವರೇ ಎಂದು ಬೇಡಿಕೊಂಡೆ. ತಪ್ಪಿರಲಿಲ್ಲ. ಟಾರ್ಚ್ ಹಿಡಿದು ನೋಡಿದರೆ, ರಬ್ಬರು ಉಬ್ಬಿ ಹೊರಗೆ ಇಣುಕುತ್ತಿತ್ತು. ಹಿಡಿತ ಬಿಟ್ಟ ರಬ್ಬರಿನ ಮೇಲೆ ಉಂಗುರ ವಾರ ವಾರಕ್ಕೆ ಹಿಂದಕ್ಕೆ ಜಾರಿತ್ತು, ಗೆರೆಯೂ ಅದರ ಜೊತೆ ಜಾರಿತ್ತು. ನಾನು ಗೆರೆಯ ಹಿಂದೆ ಹೋಗಿ ಕಿಡಿಯನ್ನು ತಡ ಮಾಡುತ್ತ, ತಡ ಮಾಡುತ್ತ, ಪಿಸ್ಟನ್ ಇಳಿಯಲು ಶುರುಮಾಡಿದ ಮೇಲೆ ಬೆಂಕಿ ಹಚ್ಚುವ ಹಾಗೆ ಮಾಡಿದ್ದೆ. ಮೇಸ್ತ್ರಿಯ ಕಿವಿ ಎಂಟು ಶನಿವಾರವೂ ಒಂದೇ ಜಾಗದಲ್ಲಿ ನಿಂತಿತ್ತು. ರಬ್ಬರನ್ನು ಡೀಸೆಲಿನಲ್ಲಿ ಮೀಯಿಸಿದವನು ಯಾರು ಎಂಬುದನ್ನು ಮೇಲೆ ಹೇಳಿದ್ದೇನೆ, ಮತ್ತೆ ಹೇಳಲಾರೆ.

ಶುಕ್ರವಾರ ಇಡೀ ದಿನ ಮೇಸ್ತ್ರಿ ನನ್ನ ಕಣ್ಣೆದುರಿಗೇ ಇದ್ದರು. ಹೇಳುವುದಕ್ಕೆ ಎಂಟು ಗಂಟೆ ಸಮಯವಿತ್ತು. ನಾನು ಅದನ್ನು ಬರೆಯಲು ಉಪಯೋಗಿಸಿದೆ. ಎರಡು ಪುಟ, ಒಂದು ಚಿತ್ರ, ಒಂದು ಕೋಷ್ಟಕ.

ಶನಿವಾರ ಬೆಳಿಗ್ಗೆ ಅಕ್ಕನನ್ನೂ ಕಾರನ್ನೂ ಕರೆದುಕೊಂಡು ಹೋದೆ. ಓನರು ಬೀಳ್ಕೊಡುಗೆಗೆಂದು ಒಂದು ಗೋಡೆ ಗಡಿಯಾರ ತಂದು, ಡಬ್ಬಿಯ ಸಮೇತ ಕೈಯಲ್ಲಿ ಹಿಡಿದು ನಿಂತಿದ್ದರು. ಮೇಸ್ತ್ರಿ ತಮ್ಮ ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ನಾನು ಕಾಗದ ಮುಂದೆ ಚಾಚಿದೆ.

"ಏನಪ್ಪ ಇದು, ರಜಾ ಅರ್ಜಿನಾ?"

"ಓದಿ ಮೇಸ್ತ್ರಿ."

"ಕೈಯೆಲ್ಲ ಎಣ್ಣೆ. ನೀನೇ ಓದು."

ಓದಿದೆ. "ಮಾನ್ಯರೇ, ಸದುದ್ದೇಶದಿಂದ ನಾನು" ಎಂದು ಶುರುವಾಗುತ್ತಿತ್ತು. ಎರಡನೇ ಸಾಲಿಗೇ ಅವರು ಕೈ ಎತ್ತಿದರು.

"ಈ ಸದುದ್ದೇಶ ಅನ್ನೋದು ಎಷ್ಟು ಕಡೆ ಬರುತ್ತೆ?"

"ಐದು ಕಡೆ."

"ಅವನ್ನೆಲ್ಲ ಬಿಟ್ಟು ಓದು."

ಅವನ್ನು ಬಿಟ್ಟರೆ ಬಹಳ ಉಳಿಯಲಿಲ್ಲ. ನೀವು ಕೂಡಿಸಿದ್ದನ್ನು ಪ್ರತಿ ಭಾನುವಾರ ನಾನು ಕೆಡಿಸಿದೆ. ಗೆರೆ ಜಾರಿತ್ತು. ನಿಮ್ಮ ಕಿವಿ ಸರಿಯಿದೆ. ಯಾರೋ ಕಂಪ್ರೆಸರನ್ನು ಆರಿಸಿದರು.

"ಎಷ್ಟು ಸಲ?"

"ಏಳೋ ಎಂಟೋ..."

"ಏಳೋ, ಎಂಟೋ?"

"ಎಂಟು."

ಮೇಸ್ತ್ರಿ ಸ್ಪ್ಯಾನರನ್ನು ತಟ್ಟೆಯಲ್ಲಿಟ್ಟರು. "ಮೂರು ವಾರದಿಂದ ನಮ್ಮನೆಯವಳು ನನ್ನ ಹತ್ರ ಕೂಗಿ ಕೂಗಿ ಮಾತಾಡ್ತಿದ್ದಾಳೆ. ಕೇಳಿಸುತ್ತೆ ಕಣೇ ಅಂದ್ರೆ, ಪಾಪ ಸಮಾಧಾನಕ್ಕೆ ಹೇಳ್ತಾರೆ ಅಂತ ಇನ್ನೂ ಜೋರಾಗಿ ಕೂಗ್ತಾಳೆ. ಅಕ್ಕಪಕ್ಕದ ಮನೆಯವರಿಗೆಲ್ಲ ನಮ್ಮನೆ ವಿಷಯ ಗೊತ್ತಾಗಿದೆ." ಯಾರೋ ನಕ್ಕರು. ಮೇಸ್ತ್ರಿ ನಗಲಿಲ್ಲ. "ನೀನು ತಿರುಗಿಸಿದ್ದಕ್ಕಲ್ಲ ಬೇಜಾರು, ಕಾಲೇಜು. ಮುದುಕನಿಗೆ ಕಿವಿ ಹೋಯ್ತು ಅಂತ ನಿನಗೆ ಅನ್ನಿಸ್ತು. ಅದನ್ನ ನನ್ನ ಮುಂದೆ ಹೇಳ್ಬೇಕಿತ್ತು. ನಾನು ಕೇಳಿದೆ ಕೂಡ, ಬಾಯಿಬಿಟ್ಟು ಕೇಳಿದೆ. ಹಿಂದಿನಿಂದ ತಿದ್ದೋಕೆ ನಾನೇನು ಸ್ಕೂಲ್ ಮಗುವಿನ ಕಾಪಿಪುಸ್ತಕನಾ?"

ನಾನು ಆ ಎರಡು ಪುಟವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಅಕ್ಕ ನನ್ನ ಕಡೆ ನೋಡಿ, "ನಿಂತ್ಕೊಂಡೇ ಇರ್ತೀಯಾ? ಒಳಗಿಂದ ಹೊಸಾದು ತಗೊಂಡ್ಬಾ" ಎಂದಳು.

ಹೊಸ ಡ್ಯಾಂಪರನ್ನೂ ಆಯಿಲ್ ಸೀಲನ್ನೂ ತಂದೆ. ಮೇಸ್ತ್ರಿ ಬೆಲ್ಟು ಕಳಚಿ, ನಡುವಿನ ದೊಡ್ಡ ಬೋಲ್ಟು ಬಿಚ್ಚಿ, ಅಭ್ಯಾಸದ ಪ್ರಕಾರ ಸುತ್ತಿಗೆಗೆ ಕೈ ಹಾಕಿದರು.

"ಬೇಡ ಮೇಸ್ತ್ರಿ!" ಎಂದು ಕಿರುಚಿದವನು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಈಗ ನಿಲ್ಲಿಸುವಂತಿರಲಿಲ್ಲ. "ಹೊಡೆದ್ರೆ ಕ್ರ್ಯಾಂಕಿನ ಬೇರಿಂಗಿಗೆ ಏಟು. ಎಳೆದು ಬಿಚ್ಚೋ ಪುಲ್ಲರನ್ನ ಹೊರ ಉಂಗುರಕ್ಕೂ ಸಿಗಿಸಬಾರದು, ರಬ್ಬರ್ ಕಿತ್ತುಬರುತ್ತೆ. ಹಳೇದಕ್ಕೆ ಏನಾದ್ರೂ ಆಗ್ಲಿ, ಅಭ್ಯಾಸ ಹೊಸದಕ್ಕೂ ಬರುತ್ತಲ್ಲ. ಹಬ್ಬಿನಲ್ಲಿ ತೂತುಗಳಿವೆ. ಅಲ್ಲಿ ಬೋಲ್ಟ್ ಹಾಕಿ ಎಳೀಬೇಕು."

ಮೇಸ್ತ್ರಿ ಸುತ್ತಿಗೆಯನ್ನೂ ನನ್ನನ್ನೂ ನೋಡಿದರು. "ಇದನ್ನ ಮುಖದ ಮುಂದೆ ಹೇಳಿದ್ದೀಯ" ಎಂದರು. "ಪುಲ್ಲರ್ ಕೊಡು."

ಹಳೆಯದು ಬಂತು. ರಬ್ಬರು ಉಗುರಿಗೆ ಮೇಣದ ಹಾಗೆ ಎದ್ದುಬರುತ್ತಿತ್ತು. ಹೊಸ ಸೀಲು ಹಾಕಿ, ಹೊಸ ಡ್ಯಾಂಪರನ್ನು ಬಡಿಯದೆ ಬೋಲ್ಟಿನಿಂದಲೇ ಎಳೆದು ಕೂರಿಸಿದರು. ಕೊನೆಯ ಬಿಗಿಯನ್ನು ಪುಸ್ತಕದ ಅಳತೆಗೆ ಸರಿಯಾಗಿ ಹಾಕಲು ನನಗೆ ಹೇಳಿದರು. ಒಂದೇ ಸಲ ಹಾಕಿ ಕೈ ತೆಗೆದೆ. ಎರಡನೇ ಸಲ ಹಾಕಲು ಕೈ ತುರಿಸುತ್ತಿತ್ತು.

ಎಂಜಿನ್ ಶುರುವಾಯಿತು. ಮೇಸ್ತ್ರಿ ಎಡಗೈ ಎತ್ತಿದರು. ತಲೆ ವಾಲಿತು. ಬಲಗೈ ಡಿಸ್ಟ್ರಿಬ್ಯೂಟರಿನ ಮೇಲೆ ಹೋಯಿತು. ಅತ್ತ, ಇತ್ತ, ಒಂಚೂರು ಅತ್ತ. ಈ ಸಲ ಅವರು ಯಾರು ಕೂತುಕೊಂಡರೆಂದು ಹೇಳಲಿಲ್ಲ. ಬೋಲ್ಟು ಬಿಗಿ ಮಾಡಿ, "ನಿನ್ನ ಲೈಟು ತಾ" ಎಂದರು.

"ಬೇಡ ಮೇಸ್ತ್ರಿ, ನೀವು ಮಾಡಿದ್ದೀರಲ್ಲ..."

"ತಾ ಅಂದೆ. ಎಲ್ಲರಿಗೂ ಕೇಳೋ ಹಾಗೆ ಓದು."

ಲೈಟು ಹಿಡಿದೆ. ಹೊಸ ಗೆರೆ ಸ್ಪಷ್ಟವಾಗಿ ನಿಂತಿತ್ತು. ಹತ್ತು. ಎಂಟಲ್ಲ, ಹತ್ತು. ಓನರು ಗಡಿಯಾರದ ಡಬ್ಬಿಯನ್ನು ಎದೆಗೆ ಅವುಚಿಕೊಂಡಿದ್ದರು. ಎಂಟು ಎಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಮೇಸ್ತ್ರಿ ಸ್ಪ್ಯಾನರುಗಳನ್ನು ಮತ್ತೆ ಗೋಡೆಗೆ ನೇತುಹಾಕುತ್ತಿದ್ದರು. ಹತ್ತು ಎಂದರೆ, ನೋಡು, ಕಿವಿ ಹೋಗಿದೆ ಎಂದು ಅವರೇ ಅಂದುಕೊಂಡು ಹೊರಟುಬಿಟ್ಟರೆ? ನನ್ನ ಒಳ್ಳೆಯ ಮನಸ್ಸು ಆಗಲೇ ಬೋಲ್ಟ್ ಸಡಿಲಿಸಲು ಹೊರಟಿತ್ತು.

"ಹತ್ತು" ಎಂದೆ. ಲೈಟಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ಕೇಳಿಸ್ಲಿಲ್ಲ."

"ಹತ್ತು ಮೇಸ್ತ್ರಿ! ಪುಸ್ತಕದಲ್ಲಿ ಎಂಟು. ಎರಡು ಮುಂದಿದೆ."

ಮೇಸ್ತ್ರಿ ಮತ್ತೆ ಬಗ್ಗಿದರು. ಬಹಳ ಹೊತ್ತು ಕೇಳಿದರು. ಕೂದಲೆಳೆಯಷ್ಟು ತಿರುಗಿಸಿದರು. "ಈಗ?"

"ಒಂಬತ್ತು."

"ಒಂಬತ್ತಕ್ಕೆ ಇರ್ಲಿ. ಪುಸ್ತಕ ಬರೆಯೋವಾಗ ಈ ಎಂಜಿನ್ನಿಗೆ ಚಿಕ್ಕ ವಯಸ್ಸು." ಬಾನೆಟ್ ಮುಚ್ಚಿ ಅಕ್ಕನ ಕಡೆ ತಿರುಗಿದರು. "ನಡಿಯಮ್ಮ, ಏರು ಹತ್ತಿಸು. ನೋಡೇಬಿಡೋಣ."

"ಮೇಸ್ತ್ರಿ, ಈ ಗಡಿಯಾರ..." ಎಂದರು ಓನರು.

"ಹಿಡ್ಕೊಂಡಿರಿ, ಬಂದೆ."

ಅಕ್ಕ ಓಡಿಸಿದಳು, ಮೇಸ್ತ್ರಿ ಅವಳ ಪಕ್ಕ ಕೂತರು. ನನ್ನನ್ನು ಯಾರೂ ಕರೆಯಲಿಲ್ಲ, ಇಳಿ ಎಂದೂ ಹೇಳಲಿಲ್ಲ. ಹಿಂದಿನ ಸೀಟಿನಲ್ಲಿ ಲೈಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಟ್ಯಾಂಕಿನ ಹಿಂದಿನ ಏರಿನ ನಡುವೆ ಅಕ್ಕ ಬೇಕೆಂದೇ ಗಾಡಿ ನಿಲ್ಲಿಸಿ, ಮತ್ತೆ ಎತ್ತಿದಳು. ಒಂದಿಂಚೂ ಹಿಂದೆ ಜಾರದೆ ಹತ್ತಿತು. ಮೇಸ್ತ್ರಿ ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ವಾಲಿಸಿ ಕೇಳುತ್ತಲೇ ಇದ್ದರು.

ಮೇಲೆ ತಲುಪಿದಾಗ ಮೇಸ್ತ್ರಿ ಹಿಂದಕ್ಕೆ ತಿರುಗಿ, "ಕೇಳಿಸ್ತಾ?" ಎಂದರು.

ಏನು ಕೇಳಿಸಬೇಕಿತ್ತೋ ನನಗೆ ಗೊತ್ತಾಗಲಿಲ್ಲ. ಎಂಜಿನ್ನು ಎಂಜಿನ್ನಿನ ಹಾಗೆ ಸದ್ದು ಮಾಡುತ್ತಿತ್ತು. ಹೌದೆನ್ನಲು ಬಾಯಿ ತೆರೆದಿದ್ದೆ.

"ಇಲ್ಲ ಮೇಸ್ತ್ರಿ" ಎಂದೆ.

"ಸೋಮವಾರ ಅರ್ಧ ಗಂಟೆ ಮುಂಚೆ ಬಾ" ಎಂದರು. "ಲೈಟು ಮನೇಲಿ ಬಿಟ್ಟು ಬಾ."